ಗದ್ದೆಯ ಉಸಿರಿನ ಲೆಕ್ಕ

ನಾಟಿಯಾಗಿ ತಿಂಗಳು ಕಳೆದ ಗದ್ದೆಗೆ ಕಳೆ ಕೀಳಲು ಇಳಿದವರಿಗೆ ಈ ಅನುಭವ ಇದ್ದೇ ಇರುತ್ತದೆ. ಕೆಸರಿನಲ್ಲಿ ಕಾಲು ಹೂತ ಕೂಡಲೇ ಹಿಮ್ಮಡಿಯ ಸುತ್ತ ಬುಳುಬುಳು ಎಂದು ಗುಳ್ಳೆಗಳೇಳುತ್ತವೆ. ಕ್ಷಣಕಾಲ ನೀರಿನ ಮೇಲೆ ನಿಂತು ಒಡೆದುಹೋಗುತ್ತವೆ. ಚಿಕ್ಕವರಿದ್ದಾಗ ನಾವು ಅದನ್ನು ಏಡಿಯ ಉಸಿರು ಎಂದು ನಂಬಿದ್ದೆವು. ಗುಳ್ಳೆ ಎದ್ದ ಕಡೆಯೆಲ್ಲ ಕೈ ಹಾಕಿ ಏಡಿಗಾಗಿ ತಡಕಾಡುತ್ತಿದ್ದೆವು. ಏಡಿ ಸಿಗುತ್ತಿರಲಿಲ್ಲ. ಆ ಉಸಿರು ಮಣ್ಣಿನದು. ಗುಳ್ಳೆಯೊಳಗೆ ಇದ್ದದ್ದರಲ್ಲಿ ಮುಖ್ಯವಾದದ್ದು ಮೀಥೇನ್ ಎಂಬ ಅನಿಲ.

ಮೀಥೇನ್ ನಮಗೆ ಹೊಸಬನಲ್ಲ. ಹಟ್ಟಿಯ ಪಕ್ಕದ ಗೋಬರ್ ಗ್ಯಾಸ್ ತೊಟ್ಟಿಯಿಂದ ಅಡುಗೆಮನೆಗೆ ಬಂದು ಒಲೆಯಲ್ಲಿ ನೀಲಿಯಾಗಿ ಉರಿಯುವುದು ಇದೇ. 1776ರಲ್ಲಿ ಇಟಲಿಯ ವಿಜ್ಞಾನಿ ಅಲೆಸಾಂಡ್ರೊ ವೋಲ್ಟಾ ಮಜೋರೆ ಸರೋವರದ ಜೌಗು ದಂಡೆಯಲ್ಲಿ ಕೆಸರನ್ನು ಕೋಲಿನಿಂದ ಕಲಕಿ, ಎದ್ದ ಗುಳ್ಳೆಗಳನ್ನು ಪಾತ್ರೆಯಲ್ಲಿ ಹಿಡಿದು, ಅದು ಹೊತ್ತಿಕೊಳ್ಳುವುದನ್ನು ಕಂಡ. ಗಾಳಿಯಾಡದ ಕಡೆ ಹುಲ್ಲು, ಎಲೆ, ಬೇರು ಕೊಳೆತರೆ ಹುಟ್ಟುವುದು ಈ ಅನಿಲ. ನೀರು ಕಟ್ಟಿದ ಭತ್ತದ ಗದ್ದೆಯೂ ಅಂಥದೇ ಒಂದು ಜಾಗ. ಮೇಲೆ ನಾಲ್ಕು ಬೆರಳು ನೀರು ನಿಂತರೆ ಮಣ್ಣಿಗೆ ಗಾಳಿ ಇಳಿಯುವುದಿಲ್ಲ. ಮಣ್ಣಿನಲ್ಲಿದ್ದ ಅಷ್ಟಿಷ್ಟು ಆಮ್ಲಜನಕ ಕೆಲವೇ ದಿನಗಳಲ್ಲಿ ತೀರಿಹೋಗುತ್ತದೆ. ಅನಂತರ ಆಮ್ಲಜನಕವೇ ಬೇಡದ ಅತಿ ಪುರಾತನ ಸೂಕ್ಷ್ಮಜೀವಿಗಳು ಕೆಲಸಕ್ಕೆ ತೊಡಗುತ್ತವೆ. ಅವುಗಳ ಜೀವನದ ಕಸವೇ ಮೀಥೇನ್.

ಹೀಗೆ ಹುಟ್ಟಿದ್ದರಲ್ಲಿ ಗುಳ್ಳೆಯಾಗಿ ಮೇಲೆ ಬರುವುದು ಸ್ವಲ್ಪ. ಹೆಚ್ಚಿನ ಪಾಲು ಹೊರಬರುವುದು ಭತ್ತದ ಪೈರಿನ ಮೂಲಕವೇ. ಭತ್ತದ ಕಾಂಡವನ್ನು ಅಡ್ಡ ಸೀಳಿ ನೋಡಿದರೆ ಒಳಗೆ ಸಣ್ಣ ಸಣ್ಣ ಪೊಳ್ಳು ಕೊಳವೆಗಳು ಕಾಣುತ್ತವೆ. ಕೆಸರಿನಲ್ಲಿ ಮುಳುಗಿದ ಬೇರಿಗೆ ಎಲೆಯಿಂದ ಗಾಳಿ ಇಳಿಸಲೆಂದು ಪೈರು ಮಾಡಿಕೊಂಡ ಏರ್ಪಾಟು ಅದು. ಅದೇ ದಾರಿಯಲ್ಲಿ ಮಣ್ಣಿನ ಮೀಥೇನ್ ಹತ್ತಿ ಮುಗಿಲಿಗೆ ಸೇರುತ್ತದೆ.

ಸೇರಿದರೆ ತೊಂದರೆ ಏನು? ಮೀಥೇನ್ ಭೂಮಿಯ ಶಾಖವನ್ನು ಹಿಡಿದಿಡುತ್ತದೆ. ನೂರು ವರ್ಷಗಳ ಲೆಕ್ಕದಲ್ಲಿ, ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 27 ಪಟ್ಟು. ಇಪ್ಪತ್ತು ವರ್ಷಗಳ ಲೆಕ್ಕದಲ್ಲಿ ಸುಮಾರು 80 ಪಟ್ಟು. ಆದರೆ ಅದರ ಆಯಸ್ಸು ಕಡಿಮೆ, ಹನ್ನೆರಡು ವರ್ಷದ ಆಸುಪಾಸು. ಇಂದು ಕಡಿಮೆ ಮಾಡಿದರೆ ಫಲವನ್ನು ನಮ್ಮ ಕಾಲದಲ್ಲೇ ಕಾಣಬಹುದು. ಕೈಗಾರಿಕೆಗಳು ಬರುವ ಮೊದಲು ವಾತಾವರಣದ ನೂರು ಕೋಟಿ ಪಾಲಿನಲ್ಲಿ ಸುಮಾರು 720 ಪಾಲು ಇದ್ದ ಮೀಥೇನ್ ಈಗ 1,900 ದಾಟಿದೆ. ಮನುಷ್ಯರ ಚಟುವಟಿಕೆಗಳಿಂದ ಹೊರಡುವ ಮೀಥೇನಿನಲ್ಲಿ ಭತ್ತದ ಬೇಸಾಯದ ಪಾಲು ಶೇಕಡಾ ಹತ್ತಕ್ಕೆ ಹತ್ತಿರ. ಉಳಿದದ್ದು ಕಲ್ಲಿದ್ದಲು ಗಣಿ, ತೈಲಬಾವಿ, ಅನಿಲದ ಕೊಳವೆ, ದನಕರು, ಊರ ಕಸದ ಗುಡ್ಡಗಳದು.

ಇಷ್ಟು ಪೀಠಿಕೆ. ಈ ಹೊತ್ತು ನಾನು ಮಾತನಾಡಬೇಕೆಂದಿರುವುದು ಅಳತೆಯ ಬಗ್ಗೆ. ಗದ್ದೆಯಿಂದ ಎಷ್ಟು ಮೀಥೇನ್ ಹೊರಡುತ್ತದೆ ಎಂದು ಹೇಳುವವರು ಯಾರು? ಅವರು ಅದನ್ನು ತಿಳಿದದ್ದು ಹೇಗೆ? ಈ ಎರಡು ಪ್ರಶ್ನೆಗಳ ಹಿಂದೆ ನಮ್ಮ ದೇಶದ ಒಂದು ದೊಡ್ಡ ಕಥೆಯಿದೆ. ಭತ್ತ ಬೆಳೆಯುವ ಪ್ರತಿಯೊಬ್ಬರೂ ಅದನ್ನು ತಿಳಿದಿರಬೇಕು.

1990ರ ಸುಮಾರಿನ ಮಾತು. ಭೂಮಿ ಬಿಸಿಯಾಗುತ್ತಿದೆ, ಇದಕ್ಕೆ ಯಾವ ದೇಶ ಎಷ್ಟು ಹೊಣೆ ಎಂಬ ಚರ್ಚೆ ಜಗತ್ತಿನಲ್ಲಿ ಆರಂಭವಾಗಿತ್ತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಒಂದು ಅಂದಾಜು ಹಾಕಿತು. ಭಾರತದ ಭತ್ತದ ಗದ್ದೆಗಳಿಂದ ವರ್ಷಕ್ಕೆ 3 ಕೋಟಿ 78 ಲಕ್ಷ ಟನ್ ಮೀಥೇನ್ ಹೊರಡುತ್ತದೆ ಎಂದಿತು. ಅದೇ ಕಾಲಕ್ಕೆ ವಾಷಿಂಗ್ಟನ್ನಿನ ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್ ತನ್ನ ವರದಿಯಲ್ಲಿ ಭೂಮಿಯನ್ನು ಬಿಸಿಯಾಗಿಸುವ ಮೊದಲ ಐದು ದೇಶಗಳ ಸಾಲಿನಲ್ಲಿ ಭಾರತವನ್ನೂ ನಿಲ್ಲಿಸಿತು. ಹಾಗೆ ನಿಲ್ಲಿಸಲು ನಮ್ಮ ಗದ್ದೆ, ನಮ್ಮ ಎಮ್ಮೆ, ನಮ್ಮ ಹಸುಗಳೂ ಕಾರಣವಾದವು.

1991ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದ ಅನಿಲ್ ಅಗರ್ವಾಲ್ ಮತ್ತು ಸುನೀತಾ ನಾರಾಯಣ್ ಇದಕ್ಕೆ ಗಟ್ಟಿಯಾಗಿ ಉತ್ತರ ಕೊಟ್ಟರು. ಹೊಟ್ಟೆಪಾಡಿಗಾಗಿ ಒಂದೆಕರೆ ಭತ್ತ ಬೆಳೆಯುವ ರೈತನ ಗದ್ದೆಯ ಅನಿಲವನ್ನೂ, ಮನೆಗೆರಡು ಕಾರು ಇಟ್ಟುಕೊಂಡವರ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ಹಾಕುವುದು ಯಾವ ನ್ಯಾಯ ಎಂಬುದು ಅವರ ವಾದ. ಬದುಕಿಗೆ ಬೇಕಾದದ್ದು ಬೇರೆ, ಭೋಗಕ್ಕೆ ಬೇಕಾದದ್ದು ಬೇರೆ ಎಂದು ಅವರು ಎತ್ತಿ ಹೇಳಿದರು. ಆ ಮಾತು ಇಂದಿಗೂ ಸತ್ಯ. ಆದರೆ ವಾದಕ್ಕೆ ಬಲ ಬರಬೇಕಾದರೆ ಅದರ ಜೊತೆಗೆ ಅಳತೆಯೂ ಬೇಕಿತ್ತು.

ಆ ಅಳತೆಗೆ ಮುಂದಾದವರು ಡಾಕ್ಟರ್ ಎ. ಪಿ. ಮಿತ್ರ. ಅವರ ಹೆಸರನ್ನು ಬಾನುಲಿಯಲ್ಲಿ ಹೇಳುವಾಗ ನನಗೆ ವಿಶೇಷವಾದ ಗೌರವ ಉಕ್ಕುತ್ತದೆ. ಅವರು ಬದುಕಿನುದ್ದಕ್ಕೂ ಅಧ್ಯಯನ ಮಾಡಿದ್ದು ಅಯಾನುಗೋಳವನ್ನು. ರೇಡಿಯೋ ಅಲೆಗಳನ್ನು ಪ್ರತಿಫಲಿಸಿ ದೂರದೂರುಗಳಿಗೆ ಮುಟ್ಟಿಸುವ ಆ ಎತ್ತರದ ಪದರವನ್ನು ಅರಿತ ಮನುಷ್ಯ, ದೇಶಕ್ಕೆ ಬೇಕಾದಾಗ ಗದ್ದೆಯ ಕೆಸರಿನ ಕಡೆ ತಿರುಗಿದರು. 1991ರಲ್ಲಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಮುಂದಾಳತ್ವದಲ್ಲಿ, ಕಟಕ್‌ನ ಭತ್ತ ಸಂಶೋಧನಾ ಸಂಸ್ಥೆಯೂ ಸೇರಿದಂತೆ ಹಲವು ಸಂಸ್ಥೆಗಳ ವಿಜ್ಞಾನಿಗಳು ದೇಶದ ಬೇರೆ ಬೇರೆ ಭಾಗಗಳಲ್ಲಿ ಗದ್ದೆಗಿಳಿದು ಅಳೆದರು. ನೀರು ಸದಾ ನಿಲ್ಲುವ ಗದ್ದೆ, ನಡುನಡುವೆ ಆರುವ ಗದ್ದೆ, ಮಳೆಯನ್ನೇ ನಂಬಿದ ಗದ್ದೆ, ಆಳನೀರಿನ ಗದ್ದೆ, ಎಲ್ಲವನ್ನೂ ಬೇರೆ ಬೇರೆಯಾಗಿ ಲೆಕ್ಕಕ್ಕೆ ತೆಗೆದುಕೊಂಡರು.

ಬಂದ ಉತ್ತರ ವರ್ಷಕ್ಕೆ ಸುಮಾರು 40 ಲಕ್ಷ ಟನ್. ಹೊರಗಿನವರು ಹೇಳಿದ್ದರ ಒಂಬತ್ತನೆಯ ಒಂದು ಪಾಲು! ಮುಂದಿನ ವರ್ಷಗಳಲ್ಲಿ ಮತ್ತೆ ಮತ್ತೆ ಅಳೆದಾಗಲೂ ಲೆಕ್ಕ ಹೆಚ್ಚುಕಡಿಮೆ ಅಲ್ಲಿಯೇ ನಿಂತಿತು.

ಮೊದಲಿನ ಅಂದಾಜು ಅಷ್ಟೊಂದು ತಪ್ಪಿದ್ದು ಹೇಗೆ? ಗದ್ದೆಯ ಮೀಥೇನಿನ ಆರಂಭದ ಅಳತೆಗಳು ನಡೆದದ್ದು ಅಮೆರಿಕದ ಕ್ಯಾಲಿಫೋರ್ನಿಯಾ, ಇಟಲಿಯ ವೆರ್ಚೆಲ್ಲಿಯಂಥ ಕಡೆ. ಅಲ್ಲಿಯ ಗದ್ದೆಗಳಲ್ಲಿ ಬಿತ್ತನೆಯಿಂದ ಕೊಯ್ಲು ಹತ್ತಿರವಾಗುವವರೆಗೂ ನೀರು ನಿಲ್ಲುತ್ತದೆ, ಮಣ್ಣಿನಲ್ಲಿ ಸಾವಯವ ಅಂಶವೂ ಹೆಚ್ಚು. ಅಂಥ ಕೆಲವು ಗದ್ದೆಗಳ ಅಂಕಿಯನ್ನು ತಂದು ಇಲ್ಲಿಯ ನಾಲ್ಕು ಕೋಟಿ ಹೆಕ್ಟೇರಿಗೆ ಗುಣಿಸಿದರು. ನಮ್ಮ ಮಣ್ಣಿನಲ್ಲಿ ಸಾವಯವ ಇಂಗಾಲ ಕಡಿಮೆ. ನಮ್ಮ ಭತ್ತದ ನೆಲದಲ್ಲಿ ಬಹಳಷ್ಟು ಮಳೆಯಾಶ್ರಿತ. ಮಳೆ ಹೋದರೆ ನೀರು ಆರುತ್ತದೆ, ಮಣ್ಣು ಬಿರಿಯುತ್ತದೆ, ಗಾಳಿ ಇಳಿಯುತ್ತದೆ, ಮೀಥೇನ್ ನಿಲ್ಲುತ್ತದೆ. ಪಕ್ಕದೂರಿನ ಮಳೆಯ ಲೆಕ್ಕದಲ್ಲಿ ನಮ್ಮೂರ ಕೆರೆ ತುಂಬಿತೆಂದು ಬರೆದ ಹಾಗಾಯಿತು ಅದು.

ಈ ಅಳತೆ ನಡೆಯುವುದು ಹೇಗೆಂದು ಹತ್ತಿರದಿಂದ ನೋಡೋಣ. ಮೊದಲು ಗದ್ದೆಯಲ್ಲಿ ಒಂದು ಅಲ್ಯೂಮಿನಿಯಂ ಚೌಕಟ್ಟನ್ನು ಕೆಸರಿನೊಳಕ್ಕೆ ಒತ್ತಿ ಕೂರಿಸುತ್ತಾರೆ. ಅದರೊಳಗೆ ಕೆಲವು ಬುಡ ಭತ್ತ ನಿಂತಿರುತ್ತದೆ. ಚೌಕಟ್ಟಿನ ಅಂಚಿಗೆ ಒಂದು ಕಾಲುವೆಯಿದ್ದು ಅದರ ತುಂಬ ನೀರು. ಅಳೆಯುವ ಹೊತ್ತಿಗೆ ಪಾರದರ್ಶಕ ಅಕ್ರಿಲಿಕ್ ಪೆಟ್ಟಿಗೆಯೊಂದನ್ನು ಪೈರಿನ ಮೇಲೆ ಬೋರಲು ಹಾಕಿ ಆ ನೀರಿನಲ್ಲಿ ಕೂರಿಸಿದರೆ ಒಳಗಿನ ಗಾಳಿ ಹೊರಗೆ ಹೋಗದು. ಒಳಗೆ ಗಾಳಿಯನ್ನು ಕಲೆಸಲು ಬ್ಯಾಟರಿಯ ಪುಟ್ಟ ಫ್ಯಾನು, ಬಿಸಿ ನೋಡಲು ಥರ್ಮಾಮೀಟರು. ಮುಚ್ಚಿದ ಕೂಡಲೇ ಒಂದು ಸಲ, ಹದಿನೈದು ನಿಮಿಷಕ್ಕೆ ಒಂದು ಸಲ, ಅರ್ಧ ಗಂಟೆಗೆ ಒಂದು ಸಲ ಸಿರಿಂಜಿನಲ್ಲಿ ಗಾಳಿ ಎಳೆಯಬೇಕು. ಪ್ರಯೋಗಾಲಯದಲ್ಲಿ ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಎಂಬ ಯಂತ್ರ ಮೂರರಲ್ಲೂ ಎಷ್ಟೆಷ್ಟು ಮೀಥೇನ್ ಇದೆಯೆಂದು ಹೇಳುತ್ತದೆ. ಅರ್ಧ ಗಂಟೆಯಲ್ಲಿ ಎಷ್ಟು ಏರಿತು, ಪೆಟ್ಟಿಗೆಯ ಅಳತೆ ಎಷ್ಟು, ಬಿಸಿ ಎಷ್ಟು, ಇವನ್ನು ಸೇರಿಸಿ ಗದ್ದೆ ಬಿಡುವ ಮೀಥೇನನ್ನು ಲೆಕ್ಕ ಹಾಕುತ್ತಾರೆ.

ಹೇಳಲು ಸುಲಭ. ಕೃಷಿ ವಿದ್ಯಾರ್ಥಿಯಾಗಿದ್ದಾಗ ನಾನೂ ಈ ಪೆಟ್ಟಿಗೆಗಳನ್ನು ಹೊತ್ತು ಗದ್ದೆಗೆ ಇಳಿದಿದ್ದೆ. ಮೊದಲ ದಿನ ನಾನು ತಂದ ಮಾದರಿಗಳಲ್ಲಿ ಒಂದು ಪೆಟ್ಟಿಗೆಯ ಅಂಕಿ ಉಳಿದವುಗಳ ಹತ್ತಾರು ಪಟ್ಟು ಇತ್ತು. ದೊಡ್ಡ ಸಂಗತಿಯೊಂದನ್ನು ಕಂಡೆನೆಂದು ಹಿಗ್ಗಿದೆ. ನಮ್ಮ ಮೇಷ್ಟ್ರು ಹಾಳೆಯನ್ನು ನೋಡಿ ಒಂದೇ ಪ್ರಶ್ನೆ ಕೇಳಿದರು: “ಎಲ್ಲಿ ನಿಂತಿದ್ದೆ?” ಹಲಗೆಯ ಮೇಲೆ ನಿಲ್ಲಬೇಕಾದವನು ಸಿರಿಂಜು ಕೈಗೆ ಎಟುಕಲಿಲ್ಲವೆಂದು ಪೆಟ್ಟಿಗೆಯ ಪಕ್ಕದ ಕೆಸರಿಗೇ ಕಾಲಿಟ್ಟಿದ್ದೆ. ನನ್ನ ಭಾರಕ್ಕೆ ಮಣ್ಣಿನ ಗುಳ್ಳೆಗಳೆಲ್ಲ ಎದ್ದು ಪೆಟ್ಟಿಗೆಗೆ ನುಗ್ಗಿದ್ದವು. ಅದು ಬಾಲ್ಯದ ಏಡಿಯ ಉಸಿರೇ. ಮೇಷ್ಟ್ರು ಬೈಯಲಿಲ್ಲ. ಆ ಅಂಕಿಯ ಮೇಲೆ ಗೆರೆ ಎಳೆದು, ಕಾರಣವನ್ನು ಪಕ್ಕದಲ್ಲೇ ಬರೆಸಿದರು. ಅಳೆಯುವವನ ಕಾಲೇ ಅಳತೆಯನ್ನು ಕೆಡಿಸೀತು ಎಂಬ ಪಾಠವನ್ನು ನಾನು ಆ ದಿನ ಕಲಿತೆ. ಒಂದು ದೇಶದ ಲೆಕ್ಕವೂ ಹೀಗೆಯೇ ಕೆಡಬಲ್ಲದು.

ಒಂದು ದಿನದ ಅಳತೆ ಸಾಲುವುದೂ ಇಲ್ಲ. ನಾಟಿಯಾದ ಹೊಸದರಲ್ಲಿ ಮೀಥೇನ್ ಕಡಿಮೆ. ತೆಂಡೆ ಒಡೆದು ಪೈರು ತುಂಬಿಕೊಂಡಂತೆ ಏರುತ್ತದೆ, ಹೊಡೆಯಾಗಿ ತೆನೆ ಹೊರಡುವ ಕಾಲದ ಆಸುಪಾಸಿನಲ್ಲಿ ಹೆಚ್ಚಾಗಿರುತ್ತದೆ, ಕಾಳು ಬಲಿಯುವಾಗ ಇಳಿಯುತ್ತದೆ. ಬೆಳಗಿಗಿಂತ ಇಳಿಹಗಲಿನ ಬಿಸಿಗೆ ಹೆಚ್ಚು. ಕೊಳೆಯದ ಹಸಿ ಹುಲ್ಲನ್ನು ಉತ್ತು ನೀರು ಕಟ್ಟಿದರೆ ಬಹಳ ಹೆಚ್ಚು. ಚೆನ್ನಾಗಿ ಕಳಿತ ಗೊಬ್ಬರ ಹಾಕಿದರೆ ಅಷ್ಟಿಲ್ಲ. ಮರಳು ಮಿಶ್ರಿತ ನೆಲದ ಲೆಕ್ಕ ಬೇರೆ, ಎರೆಭೂಮಿಯ ಲೆಕ್ಕ ಬೇರೆ. ಗಂಗಾವತಿ, ಸಿಂಧನೂರಿನ ನಾಲೆಯ ಗದ್ದೆ, ಮಂಡ್ಯದ ಗದ್ದೆ, ಮಲೆನಾಡಿನ ಗದ್ದೆ, ಅಘನಾಶಿನಿಯ ಉಪ್ಪುನೀರಿನಲ್ಲಿ ಬೆಳೆಯುವ ಕಗ್ಗ, ಇವನ್ನೆಲ್ಲ ಒಂದೇ ಅಂಕಿಯಿಂದ ಅಳೆಯುವುದು ಸರಿಯಲ್ಲ.

ಸ್ಥಳದಲ್ಲೇ ಅಳೆದ ಲೆಕ್ಕಗಳು ಕೂಡಿಬಂದರೆ ಜಗತ್ತಿನ ಪುಸ್ತಕವೂ ತಿದ್ದುಪಡಿಯಾಗುತ್ತದೆ. ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿಯ 2006ರ ಮಾರ್ಗಸೂಚಿಯಲ್ಲಿ, ಸದಾ ನೀರು ನಿಂತ ಗದ್ದೆಗೆ ದಿನಕ್ಕೆ ಹೆಕ್ಟೇರಿಗೆ 1.30 ಕಿಲೋ ಮೀಥೇನ್ ಎಂಬ ಒಂದೇ ಅಂಕಿ ಇಡೀ ಜಗತ್ತಿಗೆ ಇತ್ತು. 2019ರ ಪರಿಷ್ಕರಣೆಯಲ್ಲಿ ಪ್ರದೇಶವಾರು ಅಂಕಿಗಳು ಬಂದವು. ದಕ್ಷಿಣ ಏಷ್ಯಾದ್ದು 0.85 ಕಿಲೋ. ಈ ಸಣ್ಣ ತಿದ್ದುಪಡಿಯ ಹಿಂದೆ ಎಷ್ಟೋ ಜನ ಕೆಸರಿನಲ್ಲಿ ಹಲಗೆಯ ಮೇಲೆ ನಿಂತು ಎಳೆದ ಸಿರಿಂಜುಗಳಿವೆ.

ಅದೇ 2019ರ ಪರಿಷ್ಕರಣೆ ಇನ್ನೊಂದು ಸಂಗತಿಯನ್ನೂ ಹೇಳುತ್ತದೆ. ಬೆಳೆಯ ನಡುವೆ ಒಂದು ಸಲ ಗದ್ದೆಯ ನೀರನ್ನು ಆರಿಸಿದರೆ ಮೀಥೇನ್ 0.71 ಪಾಲಿಗೆ ಇಳಿಯುತ್ತದೆ. ಹಲವು ಸಲ ಆರಿಸಿದರೆ 0.55 ಪಾಲಿಗೆ. ನೂರಹತ್ತು ದಿನ ನೀರು ನಿಂತ ಒಂದು ಹೆಕ್ಟೇರಿನಿಂದ ಸುಮಾರು 93 ಕಿಲೋ ಹೊರಡುವುದಾದರೆ, ಆರಿಸಿ ಆರಿಸಿ ಕಟ್ಟಿದ ಗದ್ದೆಯಿಂದ 51 ಕಿಲೋ.

ಆರಿಸುವುದು ಎಂದಾಕ್ಷಣ ರೈತನ ಎದೆ ಝಲ್ಲೆನ್ನುತ್ತದೆ. ಎಷ್ಟು ಆರಿಸಬೇಕು? ಪೈರು ಬಾಡಿದರೆ ಯಾರು ಗತಿ? ಇದಕ್ಕೂ ಒಂದು ಸುಲಭದ ಅಳತೆಯಿದೆ. ಫಿಲಿಪೈನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು ಹೇಳಿಕೊಟ್ಟದ್ದು. ಒಂದಡಿ ಉದ್ದದ ಪೈಪಿನ ತುಂಡು ಸಾಕು. ಅದರ ಕೆಳಭಾಗಕ್ಕೆ ಸುತ್ತಲೂ ತೂತು ಕೊರೆದು, ಅರ್ಧ ಮೇಲಿರುವಂತೆ ಗದ್ದೆಯಲ್ಲಿ ಹೂಳಿ, ಒಳಗಿನ ಮಣ್ಣನ್ನು ತೆಗೆಯಬೇಕು. ಮಣ್ಣಿನೊಳಗೆ ನೀರು ಎಲ್ಲಿದೆಯೆಂದು ಪೈಪಿನಲ್ಲಿ ಇಣುಕಿದರೆ ಕಾಣುತ್ತದೆ. ಮೇಲೆ ನೆಲ ಒಣಗಿದಂತೆ ಕಂಡರೂ ಅರ್ಧ ಅಡಿಯ ಒಳಗೆ ನೀರು ಇದ್ದರೆ ಬೇರಿಗೆ ಅದು ಸಿಗುತ್ತದೆ. ಹದಿನೈದು ಸೆಂಟಿಮೀಟರಿಗಿಂತ ಕೆಳಗೆ ಇಳಿದಾಗ ಮತ್ತೆ ನೀರು ಕಟ್ಟಬೇಕು. ಹೂ ಬಿಡುವ ಕಾಲದಲ್ಲಿ ಮಾತ್ರ ಆರಲು ಬಿಡಬಾರದು. ನೀರೂ ಉಳಿಯುತ್ತದೆ, ಪಂಪಿನ ಕರೆಂಟೂ ಉಳಿಯುತ್ತದೆ, ಮೀಥೇನೂ ಕಡಿಮೆಯಾಗುತ್ತದೆ.

ಇಲ್ಲಿ ಒಂದು ಎಚ್ಚರವೂ ಬೇಕು. ಯೂರಿಯಾ ಹಾಕಿದ ಗದ್ದೆ ಒಣಗಿ ನೆನೆಯುವಾಗ ನೈಟ್ರಸ್ ಆಕ್ಸೈಡ್ ಎಂಬ ಇನ್ನೊಂದು ಅನಿಲ ಹೆಚ್ಚಬಹುದು. ಅದರ ಶಾಖ ಹಿಡಿಯುವ ಶಕ್ತಿ ಇಂಗಾಲದ ಡೈಆಕ್ಸೈಡಿನ ಸುಮಾರು 273 ಪಟ್ಟು. ಆದ್ದರಿಂದ ಮೀಥೇನನ್ನಷ್ಟೇ ಅಳೆದು ಗೆದ್ದೆವೆಂದರೆ ಅರ್ಧ ಲೆಕ್ಕ ಬರೆದ ಹಾಗೆ. ಎರಡನ್ನೂ ಒಟ್ಟಿಗೆ ಅಳೆಯಬೇಕು, ಗೊಬ್ಬರವನ್ನು ಬೆಳೆಗೆ ಬೇಕಾದಷ್ಟೇ, ಬೇಕಾದಾಗಲೇ ಕೊಡಬೇಕು.

ಈಗ ಆಕಾಶದಿಂದಲೂ ಅಳೆಯುತ್ತಾರಲ್ಲ, ಪೆಟ್ಟಿಗೆ ಏಕೆ ಎಂದು ಕೇಳುವವರಿದ್ದಾರೆ. 2009ರಲ್ಲಿ ಜಪಾನಿನ ಗೊಸ್ಯಾಟ್, 2017ರಲ್ಲಿ ಯೂರೋಪಿನ ಸೆಂಟಿನೆಲ್-5ಪಿ ಉಪಗ್ರಹಗಳು ಹಾರಿ, ಗಾಳಿಯಲ್ಲಿರುವ ಮೀಥೇನನ್ನು ಮೇಲಿನಿಂದ ನೋಡುತ್ತಿವೆ. ಒಡೆದ ಅನಿಲದ ಕೊಳವೆಯನ್ನೋ ಕಸದ ಗುಡ್ಡವನ್ನೋ ಹಿಡಿಯಲು ಅವು ಬಹಳ ಉಪಯುಕ್ತ. ಆದರೆ ನಮ್ಮ ಮುಂಗಾರಿನ ಭತ್ತ ಬೆಳೆಯುವುದು ಮೋಡದ ಕೆಳಗೆ. ಮೋಡ ಮುಚ್ಚಿದರೆ ಆ ಕಣ್ಣುಗಳಿಗೆ ಗದ್ದೆ ಕಾಣುವುದಿಲ್ಲ. ಕಂಡಾಗಲೂ ಚಿತ್ರದ ಒಂದು ಚೌಕದಲ್ಲಿ ಎಷ್ಟೋ ಊರುಗಳು ಸೇರಿಹೋಗಿರುತ್ತವೆ. ದನದ ಹಟ್ಟಿಯದೆಷ್ಟು, ಕೆರೆಯದೆಷ್ಟು, ಗದ್ದೆಯದೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಮೋಡವನ್ನು ತೂರಿ ನೋಡುವ ರೇಡಾರ್ ಉಪಗ್ರಹಗಳ ಸಂಗತಿ ಬೇರೆ. 2025ರ ಜುಲೈನಲ್ಲಿ ಶ್ರೀಹರಿಕೋಟಾದಿಂದ ಹಾರಿದ ಇಸ್ರೋ ಮತ್ತು ನಾಸಾದ ನಿಸಾರ್ ಅಂಥದು. ಅವುಗಳಿಗೆ ಮೀಥೇನ್ ಕಾಣದು. ಆದರೆ ಯಾವ ಗದ್ದೆಯಲ್ಲಿ ನೀರು ನಿಂತಿದೆ, ಯಾವುದರಲ್ಲಿ ಆರಿದೆ ಎಂಬುದನ್ನು ಗುರುತಿಸಲು ನೆರವಾಗುತ್ತವೆ. ನೆಲದ ಪೆಟ್ಟಿಗೆ, ಆಕಾಶದ ಕಣ್ಣು, ರೈತನ ನೆನಪು, ಮೂರೂ ಸೇರಿದರೆ ಮಾತ್ರ ಲೆಕ್ಕ ಪೂರ್ತಿ.

ಲೆಕ್ಕ ಪೂರ್ತಿಯಾಗಬೇಕಾದ ತುರ್ತು ಈಗ ಹೆಚ್ಚಿದೆ, ಏಕೆಂದರೆ ಇದರಲ್ಲಿ ಹಣ ಬಂದಿದೆ. ಗದ್ದೆ ಆರಿಸಿ ಮೀಥೇನ್ ಕಡಿಮೆ ಮಾಡಿದರೆ ಇಂಗಾಲದ ಮಾರುಕಟ್ಟೆಯಲ್ಲಿ ಮಾರಬಹುದು, ರೈತನಿಗೂ ಪಾಲು ಕೊಡುತ್ತೇವೆ ಎಂದು ಕಂಪನಿಗಳು ಊರಿಗೆ ಬರುತ್ತಿವೆ. ರೈತನಿಗೆ ನಾಲ್ಕು ಕಾಸು ಬರುವುದಾದರೆ ಸಂತೋಷವೇ. ಆದರೆ ಮಾರುತ್ತಿರುವ ಸರಕು ಕಣ್ಣಿಗೆ ಕಾಣದು. ಹೊರಡದೇ ಉಳಿದ ಅನಿಲ ಅದು. ಅಳತೆ ಸುಳ್ಳಾದರೆ ಸರಕೇ ಇಲ್ಲ. 2024ರಲ್ಲಿ ವೆರಾ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಚೀನಾದ 37 ಭತ್ತದ ಯೋಜನೆಗಳನ್ನು ಪರಿಶೀಲಿಸಿ ತಿರಸ್ಕರಿಸಿದ್ದು ನಮಗೂ ಪಾಠ. ಸಹಿ ಹಾಕುವ ಮೊದಲು ರೈತ ಕೇಳಬೇಕಾದ ಮಾತುಗಳಿವೆ. ನನ್ನ ಗದ್ದೆಯನ್ನು ಅಳೆಯುವವರು ಯಾರು? ಎಷ್ಟು ಸಲ ಅಳೆಯುತ್ತೀರಿ? ಆ ಲೆಕ್ಕವನ್ನು ನನಗೆ ನನ್ನ ಭಾಷೆಯಲ್ಲಿ ತೋರಿಸುತ್ತೀರಾ? ಪೈರು ಕೆಟ್ಟರೆ ಹೊಣೆ ಯಾರದು?

ನ್ಯಾಯದ ಇನ್ನೊಂದು ಮಾತನ್ನೂ ಹೇಳಬೇಕು. ಆರಿಸಿ ಕಟ್ಟುವ ಪದ್ಧತಿ ನಡೆಯಬೇಕಾದರೆ ಕೇಳಿದಾಗ ನೀರು ಬರಬೇಕು. ಬೋರ್‌ವೆಲ್ ಇದ್ದವನಿಗೆ ಅದು ಸಾಧ್ಯ. ನಾಲೆಯ ಕೊನೆ ಭಾಗದವನು ನೀರು ಬಂದಾಗ ಕಟ್ಟಿಕೊಳ್ಳದಿದ್ದರೆ ಮತ್ತೆ ಯಾವಾಗ ಬರುತ್ತದೋ ಎಂಬ ಭಯದಲ್ಲೇ ಬದುಕುತ್ತಾನೆ. ಕನ್ನಂಬಾಡಿ ಅಣೆಕಟ್ಟು ತುಂಬದ ವರ್ಷ ಮಂಡ್ಯದ ಕಡೆ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ನಾಲೆಗೆ ನೀರು ಹರಿಸಿದಾಗ ಗದ್ದೆಗಳು ತಾವಾಗಿಯೇ ಒಣಗಿ ನೆನೆಯುತ್ತವೆ. ಕಟ್ಟಿನ ದಿನಗಳು ಮೊದಲೇ ತಿಳಿದು, ನಂಬಿಕೆಯಿಂದ ನಡೆದರೆ ಆ ಸಂಕಟವೇ ಒಂದು ಪದ್ಧತಿಯಾಗಬಲ್ಲದು. ಆದ್ದರಿಂದ ಮೀಥೇನಿನ ಕೆಲಸದಲ್ಲಿ ನೀರಾವರಿ ಇಲಾಖೆಯ ಪಾಲೂ ದೊಡ್ಡದು. ಎಲ್ಲ ಹೊರೆಯನ್ನೂ ರೈತನ ತಲೆಗೆ ಕಟ್ಟಬಾರದು.

ನಮ್ಮೂರಿನಲ್ಲಿ ಹಿಂದೆ ಗದ್ದೆಗಳಿಗೆ ನೀರು ಹಂಚುವ ಒಬ್ಬ ವಯಸ್ಸಾದ ನೀರಗಂಟಿಯಿದ್ದರು. ನಾನು ಪೆಟ್ಟಿಗೆ, ಸಿರಿಂಜು ಇಟ್ಟುಕೊಂಡು ಊರಿಗೆ ಹೋದಾಗ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು ಎಲ್ಲವನ್ನೂ ವಿಚಾರಿಸಿದರು. ಕೊನೆಗೆ ಹೇಳಿದರು: “ನೀರ್ ಕಟ್ಟೋದು ಎಲ್ರಿಗೂ ಬತ್ತದೆ ಕಣಪ್ಪ. ಯಾವಾಗ ತೂಬು ಮುಚ್ಬೇಕು ಅನ್ನೋದು ಗೊತ್ತಿರೋನೆ ನೀರಗಂಟಿ.” ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಯಾರ ಗದ್ದೆಗೆ ಯಾವ ದಿನ ನೀರು ಹೋಯಿತು, ಎಷ್ಟು ದಿನ ನಿಂತಿತು ಎಂಬ ಪೂರ್ತಿ ಲೆಕ್ಕ ಅವರ ಬಾಯಲ್ಲಿತ್ತು. ನನ್ನ ಸಿರಿಂಜಿನ ಅಂಕಿಗಳಿಗೆ ಅರ್ಥ ಬಂದದ್ದು ಅವರ ಆ ಲೆಕ್ಕವನ್ನು ಪಕ್ಕದಲ್ಲಿಟ್ಟುಕೊಂಡ ಮೇಲೆ.

ಅದಕ್ಕೇ ಇವತ್ತು ಭತ್ತ ಬೆಳೆಯುವ ಬಂಧುಗಳಲ್ಲಿ ನನ್ನದೊಂದು ಬೇಡಿಕೆ. ಮನೆಯಲ್ಲಿ ಮಕ್ಕಳು ಬರೆದುಳಿದ ನೋಟು ಪುಸ್ತಕ ಒಂದಿದ್ದರೆ ಅದರ ಖಾಲಿ ಹಾಳೆ ಸಾಕು. ಗದ್ದೆಗೆ ನೀರು ಕಟ್ಟಿದ ದಿನ, ನೀರು ಆರಿದ ದಿನ, ಗೊಬ್ಬರ ಹಾಕಿದ ದಿನ, ಎಷ್ಟು ಹಾಕಿದಿರಿ, ಎಷ್ಟು ಚೀಲ ಭತ್ತ ಬಂತು, ಇಷ್ಟನ್ನು ಬರೆದಿಡಿ. ಪೈಪಿನ ತುಂಡೊಂದನ್ನು ಮೊದಲು ಹತ್ತು ಗುಂಟೆಯಲ್ಲಿ ಹೂಳಿ ನೋಡಿ. ಹತ್ತಿರದ ಕೃಷಿ ವಿಜ್ಞಾನ ಕೇಂದ್ರದವರಿಗೆ ಆ ಪುಸ್ತಕವನ್ನು ತೋರಿಸಿ. ಮೂವತ್ತು ವರ್ಷಗಳಿಗೂ ಹಿಂದೆ ದೂರದ ಯಾರೋ ನಮ್ಮ ಗದ್ದೆಯ ಲೆಕ್ಕ ಬರೆದಾಗ ನಮ್ಮ ವಿಜ್ಞಾನಿಗಳು ಕೆಸರಿಗಿಳಿದು ಅದನ್ನು ತಿದ್ದಿದರು. ಮುಂದಿನ ಲೆಕ್ಕದಲ್ಲಿ ನಿಮ್ಮ ಕೈಬರಹವೂ ಇರಲಿ.